ಕೊನೆಯ ಪುಟದ ಕಾಲಂ

ಹೊಸ ಆವಿಷ್ಕಾರಗಳನ್ನು ಒರೆಗೆ ಹಚ್ಚಿ, ಪೇಟೆಂಟ್ ಮಾಡಿಸಿ, ಕಂಪನಿಗಳಿಗೆ ಲೈಸೆನ್ಸ್ ಕೊಡಿಸುವ ಆಫೀಸು ಅದು. ಅಲ್ಲಿ ಪರೀಕ್ಷಕಿಯಾದ ಅವಳಿಗೆ ಕತ್ತರಿ ಎಂದೇ ಹೆಸರು. ಹತ್ತು ಬಂದರೆ ಒಂಬತ್ತನ್ನು "ಇದು ಆಗಲೇ ಇದೆ" ಎಂದು ವಾಪಸ್ ಕಳಿಸುವವಳು.

ಹತ್ತನೆಯದನ್ನು ಚೀಲದಲ್ಲಿ ಹಾಕಿಕೊಂಡು ಬಂದವನು ಊರಾಚೆಯ ಆಸ್ಪತ್ರೆಯಲ್ಲಿ ಮಂಚ, ಗಾಲಿಕುರ್ಚಿ ರಿಪೇರಿ ಮಾಡುವ ಮೆಕ್ಯಾನಿಕ್. ಹಾಸಿಗೆ ಹಿಡಿದವರನ್ನು ಒಬ್ಬರೇ ಸಲೀಸಾಗಿ ಮಗ್ಗುಲಿಗೆ ಹೊರಳಿಸಬಹುದಾದಂಥ ಹಿಡಿಕೆಯೊಂದನ್ನು ಮಾಡಿದ್ದ.

"ಇದನ್ನ ಯಾರಿಗಾದ್ರೂ ತೋರಿಸಿದ್ದೀರಾ? ಊರಿಗೆಲ್ಲ ಗೊತ್ತಾದ್ರೆ ಪೇಟೆಂಟ್ ಸಿಗಲ್ಲ."

"ಅಜ್ಜಿಗೆ ಮಾತ್ರ. ಅವರಿಗೋಸ್ಕರಾನೇ ಮಾಡಿದ್ದು."

"ಅವರು ಯಾರಿಗಾದ್ರೂ ಹೇಳಿಬಿಟ್ರೆ?"

"ಅಜ್ಜಿ ಬಾಯಲ್ಲಿ ಮಾತು ನಿಲ್ಲಲ್ಲ ಮೇಡಂ. ಆದ್ರೆ ಅವರ ಗೆಳತಿಯರಿಗೆ ಕಿವಿ ಕೇಳಿಸಲ್ಲ."

ಕತ್ತರಿ ಗೊಳ್ಳನೆ ನಕ್ಕುಬಿಟ್ಟಳು. ಪಕ್ಕದ ಮೇಜಿನ ಹಿರಿಯ ಪರೀಕ್ಷಕರು ಕನ್ನಡಕ ತೆಗೆದು ನೋಡಿದರು.

ಆಮೇಲೆ ಅವಳ ಪ್ರಶ್ನೆಗಳು ಮುಗಿಯಲೇ ಇಲ್ಲ. ಎಷ್ಟು ಭಾರ ತಡೆಯುತ್ತೆ? ಆ ಸ್ಪ್ರಿಂಗ್ ಯಾಕೆ ಎಡಕ್ಕೆ? ಅವನು ವಾರಕ್ಕೆರಡು ಸಲ ಬಂದು, ಎಣ್ಣೆಯ ಕಲೆ ಹೋಗದ ಬೆರಳಿನಲ್ಲಿ ಪೆನ್ಸಿಲ್ ಹಿಡಿದು ಗೀಚಿ ತೋರಿಸುವನು. ಅವಳು ಚಿತ್ರ ಬಿಟ್ಟು ಅವನ ಹುಬ್ಬು ನೋಡುವಳು. ಅವನು ತಲೆಯೆತ್ತಿದರೆ ಥಟ್ಟನೆ ಕಂಪ್ಯೂಟರಿನ ಕಡೆ ತಿರುಗುವಳು. ಕರೆಂಟು ಹೋಗಿದ್ದ ದಿನವೂ ಹಾಗೇ ತಿರುಗಿದ್ದಳು.

ವರದಿ ಮುಗಿಯಿತು. ಹೊಸತನ ಇದೆ, ಉಪಯೋಗ ಇದೆ, ಲೈಸೆನ್ಸ್ ಬೇಕೆನ್ನುವ ಕಂಪನಿಯೂ ಇದೆ. ಅವರಿಗೆ ಶುಕ್ರವಾರದೊಳಗೆ ಉತ್ತರ ಬೇಕಂತೆ. ಉಳಿದದ್ದು ಕೊನೆಯ ಪುಟದ ಒಂದೇ ಕಾಲಂ: "ಪರೀಕ್ಷಕರಿಗೆ ಅರ್ಜಿದಾರರೊಂದಿಗೆ ಸಂಬಂಧ ಇದೆಯೇ?"

ಏಳು ವರ್ಷದಿಂದ ಕಣ್ಣು ಮುಚ್ಚಿಕೊಂಡು "ಇಲ್ಲ" ಎಂದು ಬರೆದ ಕೈ ಇವತ್ತು ಹಠ ಹಿಡಿಯಿತು. ಇದೆ ಎಂದರೆ ಫೈಲು ಬೇರೆಯವರಿಗೆ ಹೋಗಿ ಎಲ್ಲ ಮೊದಲಿನಿಂದ ಶುರು. ಕಂಪನಿ ಕೈತಪ್ಪಿದರೂ ತಪ್ಪಿತು. ಇಲ್ಲ ಎಂದರೆ ಸುಳ್ಳು. ನಾಳೆ ಯಾರಾದರೂ ಬಯಲಿಗೆಳೆದರೆ ಅವನ ಲೈಸೆನ್ಸಿಗೇ ಕುತ್ತು. ಅವನನ್ನು ಇಷ್ಟಪಟ್ಟ ತಪ್ಪಿಗೆ ಅವನ ಶ್ರಮ ಹಾಳಾಗುವುದು ಅವಳಿಗೆ ಸಹಿಸಲಾಗಲಿಲ್ಲ.

ಆದದ್ದಾಗಲಿ ಎಂದು ಬರೆದಳು. ನಿಯಮದ ಪ್ರಕಾರ ಅವನ ಸಹಿಯೂ ಬೇಕು. ಅವನು ಬಂದಾಗ ಎತ್ತಲೋ ನೋಡುತ್ತ ಕಾಗದ ಮುಂದೆ ತಳ್ಳಿದಳು.

"ಸಂಬಂಧವಿಲ್ಲ. ಆದರೆ ಪರೀಕ್ಷಕಿಗೆ ಇವರ ಮೇಲೆ ಮನಸ್ಸಾಗಿದೆ. ಇವರಿಗೆ ಗೊತ್ತಿಲ್ಲ."

ಅವನು ಎರಡು ಸಲ ಓದಿದ.

"ಒಂದು ತಪ್ಪಿದೆ ಮೇಡಂ."

"ಎಲ್ಲಿ?" ಅವಳು ಕಾಗದದ ಮೇಲೆ ಬಗ್ಗಿದಳು.

"ಗೊತ್ತಿಲ್ಲ ಅಂತ ಬರೆದಿದ್ದೀರಲ್ಲ. ಫೋನಲ್ಲಿ ಹೇಳಬಹುದಾದ ಉತ್ತರಕ್ಕೆ ಮೂರು ಬಸ್ ಹತ್ತಿ ಬರ್ತಿದ್ದೆ. ಅದೆಲ್ಲ ಪೇಟೆಂಟಿಗೆ ಅಂದ್ಕೊಂಡ್ರಾ?"

"ಕಂಪನಿ ಕೈಬಿಟ್ರೆ?"

"ಬಿಡ್ಲಿ. ಇನ್ನೊಂದು ಹುಡುಕೋಣ, ಇಬ್ಬರೂ ಸೇರಿ."

ಸಹಿ ಹಾಕಿ, ಅದರ ಮೇಲ್ಗಡೆ "ನನಗೂ ಆಗಿದೆ" ಎಂದು ಸೇರಿಸಿದ. ಅವಳ ಕಣ್ಣು ತುಂಬಿ ಬಂತು, ನಗುವೂ ಬಂತು.

ಫೈಲು ಹಿರಿಯರ ಮೇಜಿಗೆ ಹೋಯಿತು. ಅವರು ಕಂಪನಿಗೆ ಫೋನ್ ಮಾಡಿ, ಗದರಿ, ಗೋಗರೆದು ಹದಿನೈದು ದಿನ ಗಿಟ್ಟಿಸಿದರು. ಆಮೇಲೆ ಇಬ್ಬರ ಕಡೆಗೂ ನೋಡದೆ, "ಇನ್ನು ಈ ಫೈಲಿನ ಹತ್ತಿರ ನೀವಿಬ್ಬರೂ ಸುಳಿಯಕೂಡದು. ಹೊರಡಿ," ಎಂದರು.

ಮೆಟ್ಟಿಲಿಳಿಯುವಾಗ ಅವನು ಕತ್ತು ತುರಿಸಿಕೊಂಡ. "ಇನ್ನೂ ಮೇಡಂ ಅಂತಾನೇ ಕರೀಬೇಕಾ?"

"ಬೇರೆ ಏನಂತ ಕರೀತೀರಾ?"

ಅವನ ಕೈ ಮತ್ತೆ ಕತ್ತಿಗೆ ಹೋಯಿತು. ಅವಳೇ ಅವನ ತೋಳು ಹಿಡಿದಳು. "ಬಾರೋ ಸುಮ್ನೆ," ಎಂದಳು.