ಹಾಡಿನೊಳಗಿನ ಎರಡು ಸೈರನ್

"ನನ್ನ ಮಗ ಕೊಲಿ ಮಾಡೂ ಪೈಕಿ ಅಲ್ರೀ ಜಮಾದಾರ್ರ!" ಚಾಂದಿಬಾಯಿ ಹೊಸ್ತಿಲಲ್ಲೇ ಕುಸಿದಳು. "ಹೊಸ ಸಿಡಿಗೆ ಮಹಾಂತಪ್ಪನವರು ಸುಭಾಷನ ದನೀನ ಆರಿಸಿದ್ರು. ಅನ್ನ ಹಾಕಿದ ಕೈ ಕಡೀತಾನೇನ್ರಿ ಅವ?"

ದಾಂಡೇಲಿಯಲ್ಲಿ ಇಂಥ ಅಳು ಬಂದು ಮುಟ್ಟುತ್ತಿದ್ದುದು ನಿವೃತ್ತ ಪೊಲೀಸ್ ಜಮಾದಾರ ದ್ಯಾಮಪ್ಪನ ಬಾಗಿಲಿಗೇ. ಅವನ ಗೆಳೆಯ ಲಚ್ಚಪ್ಪ ಚಿಗಳ್ಳಿ ಎಂಬ ಹಳ್ಳಿಯಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಅವನೂ ಎದ್ದು ಚಪ್ಪಲಿ ಮೆಟ್ಟಿದ.

ಭಜನೆ ರೆಕಾರ್ಡ್ ಮಾಡುವ ಮಹಾಂತಪ್ಪನನ್ನು, ಮಿಲ್ಲಿನ ಪಾಳಿ ಬದಲಾಗುವ ಹೊತ್ತಿಗೆ, ಅವನದೇ ಹಿತ್ತಲಲ್ಲಿ ಯಾರೋ ಹಾರೆಯಿಂದ ಹೊಡೆದು ಕೊಂದಿದ್ದರು. ಹೆಣ ಎತ್ತಲು ಹೋಗಿ ಮೈಗೆ ರಕ್ತ ಮೆತ್ತಿಕೊಂಡ ಸುಭಾಷ ಲಾಕಪ್ಪಿನಲ್ಲಿದ್ದ. ಆಗ ಅಲ್ಲಿದ್ದ ಇನ್ನೊಬ್ಬ ಹಾಡುಗಾರ ಮಹಾಬಳೇಶ್ವರ, ಮಿಲ್ಲಿನ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವನು.

"ನಾ ಒಳಗ ಹಾಡಾಕತ್ತಿದ್ದೆ. ಬೇಕಾದ್ರ ಕಂಪ್ಯೂಟರ್ ಕೇಳ್ರಿ," ಎಂದ.

ಮಹಾಂತಪ್ಪನ ರೆಕಾರ್ಡಿಂಗ್ ಕೋಣೆಯಲ್ಲೇ ಕೂತು ಕೇಳಿದರು. ಮೊದಲು ಅಂದಿನ ತಾರೀಖು ಹೇಳುವ ಅವನ ಮಾತು, ಆಮೇಲೆ ಭಜನೆ, ನಡುವೆ ಒಂದು ಕೆಮ್ಮು. ಎಲ್ಲರೂ ತಲೆಯಾಡಿಸಿದರು. ಲಚ್ಚಪ್ಪ ಮಾತ್ರ ಎರಡು ಸಲ ಬೆಚ್ಚಿದ.

"ಯಾಕಲೇ, ದೆವ್ವ ಕಂಡಿಯೇನು?" ಎಂದ ದ್ಯಾಮಪ್ಪ.

"ನಿಮ್ಮೂರ ಸೈರನ್ನಪ್ಪ, ಎದಿ ಒಡಸ್ತೈತಿ. ಒಂದ ಹಾಡಿನಾಗ ಎರಡು ಸಲ ಯಾಕ ಕೂಗ್ತೈತೋ?"

ಪಾಳಿಗೆ ಒಂದೇ ಸಲ ಕೂಗುವ ಸೈರನ್! ದ್ಯಾಮಪ್ಪ ಹಾಡನ್ನು ಮತ್ತೆ ಹಾಕಿಸಿದ.

ಮರುದಿನ ಅದೇ ಕೋಣೆಗೆ ಫೌಜದಾರರು ಕೋಳ ಹಾಕಿದ ಸುಭಾಷನನ್ನು ಕರೆತಂದರು. ಚಾಂದಿಬಾಯಿ, ಮಹಾಬಳೇಶ್ವರ ಇಬ್ಬರೂ ಇದ್ದರು.

"ಸುಭಾಷ, ಈ ಮಿಕ್ಸರ್ ಏನ್ ಮಾಡ್ತೈತಿ?" ದ್ಯಾಮಪ್ಪ ಕೇಳಿದ.

"ಮೈಕು, ಟೇಪು, ಎಲ್ಲಾದರ ದನಿ ಇದರಾಗ ಕೂಡ್ತೈತ್ರಿ. ಈ ವಾಯರಿನಿಂದ ರೆಕಾರ್ಡಿಂಗ್ ಪೆಟ್ಟಿಗಿಗೆ, ಅಲ್ಲಿಂದ ಕಂಪ್ಯೂಟರಿಗೆ. ನಾನ ಜೋಡಿಸೀನ್ರಿ."

"ಕೂಡಿದ್ದನ್ನ ಪೆಟ್ಟಿಗಿ ಬ್ಯಾರೆ ಮಾಡ್ತೈತೇನು?"

"ನಾದಿದ ಹಿಟ್ಟಿನಿಂದ ನೀರು ತಗಿಯಾಕ ಬರ್ತೈತೇನ್ರಿ?"

ದ್ಯಾಮಪ್ಪ ಕಪಾಟಿನಿಂದ ಹುಡುಕಿ ತೆಗೆದಿದ್ದ, ಮಹಾಬಳೇಶ್ವರ ಹಿಂದೆಂದೋ ಇಲ್ಲೇ ಹಾಡಿದ್ದ ಹಳೆಯ ಕ್ಯಾಸೆಟ್ ಹಾಕಿದ. ಅದೇ ಭಜನೆ, ಅದೇ ಕೆಮ್ಮು. ಸೈರನ್ ಒಂದೇ ಸಲ.

"ಮಹಾಬಳೇಶ್ವರಾ, ಮೈಕಿನಾಗ ತಾರೀಖು ಹೇಳಿದಿ. ಈ ಟೇಪು ಮಿಕ್ಸರಿಗೆ ಹಚ್ಚಿ ಹಿತ್ತಲಿಗೆ ಹ್ವಾದಿ. ಮೈಕು ಮುಚ್ಚೂದು ಮರತಿ. ಟೇಪಿನಾಗಿಂದು ಒಂದು ಸೈರನ್, ಮೈಕಿನಾಗ ಬಂದ ಅವತ್ತಿಂದು ಇನ್ನೊಂದು. ನಿನ್ನ ಬಿಟ್ಟು ಈ ಹುಡುಗನ್ನ ಆರಿಸಿದ್ದು, ಅಷ್ಟ ಮಹಾಂತಪ್ಪನ ತಪ್ಪು."

"ಸುಳ್ಳು! ಆ ಟೇಪು ತಿರುಗಿಸಿ ತಿರುಗಿಸಿ ಕೇಳಿನ ಹಚ್ಚೇನಿ. ಅದರಾಗ ಸೈರನ್ ಇರಲಿಲ್ಲ!"

ಮಾತು ಬಾಯಿಂದ ಜಾರಿತ್ತು. ಫೌಜದಾರರು ಬಾಗಿಲಿಗೆ ಅಡ್ಡ ನಿಂತರು.

"ಇತ್ತಪಾ," ಎಂದ ದ್ಯಾಮಪ್ಪ ಮೆಲ್ಲಗೆ. "ಹುಟ್ಟಿದಾಗಿಂದ ಕೇಳಿದ್ದು, ನಿನಗ ಕೇಳಸಲಿಲ್ಲ. ನನಗೂ ಕೇಳಸಲಿಲ್ಲ."

ಕೋಳ ಸುಭಾಷನ ಕೈಯಿಂದ ಮಹಾಬಳೇಶ್ವರನ ಕೈಗೆ ಹೋಯಿತು. ಚಾಂದಿಬಾಯಿ ಮಗನ ಮಣಿಕಟ್ಟು ತಿಕ್ಕುತ್ತಿದ್ದಳು. ಅಷ್ಟರಲ್ಲಿ ಪಾಳಿ ಬದಲಾಗಿ ಸೈರನ್ ಕೂಗಿತು.

ಅವತ್ತು ಲಚ್ಚಪ್ಪ ಒಬ್ಬನೇ ಅಲ್ಲ, ಕೋಣೆಗೆ ಕೋಣೆಯೇ ಬೆಚ್ಚಿತು.