ವಾಯುನೌಕೆಯ ಮಸಿ

"ಅಪ್ಪ ನಮ್ಮ ಯಜಮಾನರನ್ನ ಕಳ್ಳ ಅಂದ್ಬಿಟ್ರು. ಸಂಜೆಯೊಳಗೆ ಕಾಗದ ಸಿಗದಿದ್ರೆ ಪೊಲೀಸರನ್ನ ಕರೆಸ್ತಾರಂತೆ. ಹಾಗೇನಾದ್ರೂ ಆದ್ರೆ ನನಗೆ ತವರುಮನೆ ಮುಗೀತು ಅಂತಲೇ."

ಹಲ್ಲಿನ ಡಾಕ್ಟರ ಮಗಳು ಬಾಗಿಲಲ್ಲೇ ನಿಂತು ಇಷ್ಟು ಹೇಳುವಷ್ಟರಲ್ಲಿ ನನ್ನ ಭಾವ ಚಪ್ಪಲಿ ಮೆಟ್ಟಿದ್ದರು. ಅವರು ಅಕ್ಕನನ್ನು ಮದುವೆಯಾದಂದಿನಿಂದ ಅವರ ಪತ್ತೇದಾರಿಕೆಗೆ ನಾನೇ ಬಾಲಂಗೋಚಿ. ತಲೆ ಓಡಿಸುವುದು ಅವರ ಪಾಲು, ಕಾಲು ಓಡಿಸುವುದು ನನ್ನ ಪಾಲು.

ಡಾಕ್ಟರು ವಾಯುನೌಕೆಗಳ ಅಂಚೆಯನ್ನು ಸಂಗ್ರಹಿಸುವವರು. ಹಿಂದೊಂದು ಕಾಲದಲ್ಲಿ ಬೀದಿಯಷ್ಟು ಉದ್ದದ ನೌಕೆಗಳು ಹೊಟ್ಟೆಯಲ್ಲಿ ಅನಿಲ ತುಂಬಿಕೊಂಡು, ಜನರನ್ನೂ ಅಂಚೆ ಚೀಲಗಳನ್ನೂ ಹೊತ್ತು ಸಾಗರ ದಾಟುತ್ತಿದ್ದವಂತೆ. ಅವರ ಮನೆಯ ಸಂಗ್ರಹದ ಕೋಣೆಯ ಗೋಡೆಯ ಮೇಲಿನ ಫೋಟೊದಲ್ಲಿ ಅಂಥದೊಂದರ ನೆರಳು ಇಡೀ ಊರನ್ನು ಕವಿದಿತ್ತು. ಮನುಷ್ಯರು ಇಂಥದನ್ನು ಕಟ್ಟಿ ಮೋಡಗಳ ನಡುವೆ ತೇಲಿಬಿಟ್ಟರೇ ಎಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ. "ನೊಣ ಹೋದೀತು," ಎಂದು ಭಾವ ತಿವಿದರು.

ಕಾಣೆಯಾಗಿದ್ದು ಒಂದು ಲಕೋಟೆ. ನೌಕೆಯೊಂದು ಆಕಾಶದಲ್ಲೇ ಹೊತ್ತಿ ಉರಿದು ಬಿದ್ದಾಗ ಬೂದಿಯಿಂದ ಹೆಕ್ಕಿ ತೆಗೆದದ್ದು. ಅಂಚು ಸುಟ್ಟು, ಮೈತುಂಬ ಮಸಿ ಹಿಡಿದಿತ್ತಂತೆ.

"ನಿನ್ನೆ ಊಟಕ್ಕೆ ಬಂದೋರು ಇಬ್ಬರೇ," ಎಂದರು ಡಾಕ್ಟರು. "ಪುಸ್ತಕ ಕಟ್ಟೋ ಬೈಂಡರು, ಹಿಸ್ಟರಿ ಮೇಷ್ಟ್ರು. ಇಬ್ಬರೂ ಹಳೇ ಸ್ನೇಹಿತರು. ಕ್ಯಾಮೆರಾ ಹಿಡ್ಕೊಂಡು ಈ ಕೋಣೇಲೇ ಸುತ್ತಾಡ್ತಿದ್ದೋರು ನಮ್ಮ ಅಳಿಯಂದ್ರು. ಇನ್ನೇನು ಹೇಳ್ಬೇಕು?"

ಭಾವ ಗಾಜಿನ ಪೆಟ್ಟಿಗೆಯತ್ತ ಬಗ್ಗಿದರು. ಲಕೋಟೆಗೆ ತೊಡಿಸಿದ್ದ ಪ್ಲಾಸ್ಟಿಕ್ ಕವರು ಅಲ್ಲೇ ಉಳಿದಿತ್ತು. ಪಕ್ಕದ ಮೇಜಿನ ಮೇಲೆ ಅಗಲವಾದ ತಟ್ಟೆಯಲ್ಲಿ ನೀರು, ಒದ್ದೆ ಹೀರಲು ಒಂದಷ್ಟು ಬ್ಲಾಟಿಂಗ್ ಪೇಪರು.

"ಇದೇನು?"

"ಇವತ್ತು ಅದನ್ನ ತೊಳೀಬೇಕು ಅಂತಿದ್ದೆ. ಮಸಿ ಹೋದ್ರೆ ನೌಕೆಯೊಳಗೇ ಹೊಡೆದ ಅಂಚೆ ಮುದ್ರೆ ಕಾಣುತ್ತೆ. ಪ್ರದರ್ಶನ ಬೇರೆ ಹತ್ರ ಬಂತು. ಬೇಡವೇ ಬೇಡ ಅಂತ ಇಬ್ಬರೂ ನನ್ನ ಮೇಲೆ ಹರಿಹಾಯ್ದಿದ್ರು. ಪ್ಲಾಸ್ಟಿಕ್ ಹಾಕಿದ್ದಕ್ಕೂ ಬೈದ್ರು, ಹಳೇ ಕಾಗದ ಹಾಳಾಗುತ್ತೆ ಅಂತ." ಡಾಕ್ಟರು ಮೇಜು ನೋಡಿ ಹುಬ್ಬೇರಿಸಿದರು. "ಬ್ಲಾಟಿಂಗ್ ಪೇಪರು ಇನ್ನೂ ಜಾಸ್ತಿ ಇತ್ತಲ್ಲ, ಕಮ್ಮಿಯಾಗಿದೆ?"

"ನೆಲದ ಮೇಲೆ ಸುಟ್ಟ ಪುಡಿ ಏನಾದ್ರೂ ಬಿದ್ದಿತ್ತೇ?"

"ಒಂದು ಚೂರೂ ಇಲ್ಲ."

ಭಾವ ನನ್ನ ಕಿವಿಯಲ್ಲಿ ಒಂದು ಕೆಲಸ ಹೇಳಿ ಮನೆಗೆ ಓಡಿಸಿದರು.

ಸಂಜೆ ಎಲ್ಲರೂ ಆ ಕೋಣೆಯಲ್ಲೇ ಸೇರಿದರು. ಅಳಿಯಂದಿರು ಯಾರ ಮುಖವನ್ನೂ ನೋಡಲಿಲ್ಲ. ಮೇಷ್ಟ್ರು ತಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಸಿಕ್ತು," ಎಂದು ಭಾವ ಮಸಿ ಹಿಡಿದ ಲಕೋಟೆಯೊಂದನ್ನು ಎತ್ತಿ ತೋರಿಸಿದರು. "ಡಾಕ್ಟರ ಆಸೆಯಂತೆ ತೊಳೆದೇ ಬಿಡೋಣ." ಹೇಳಿದ್ದೇ ತಡ, ಅದನ್ನು ನೀರಿಗೆ ಬಿಟ್ಟರು.

"ಅಯ್ಯೋ, ಬೇಡ್ರೀ!" ಎಂದು ಬೈಂಡರು ಕಿರುಚಿದರು. ಅಳಿಯಂದಿರು ಕುರ್ಚಿ ಉರುಳಿಸಿಕೊಂಡು ಬಂದು ಅಂಗಿಯ ತೋಳಿನ ಸಮೇತ ನೀರಿಗೆ ಕೈ ಹಾಕಿದರು. ಮೇಷ್ಟ್ರು ಮಾತ್ರ ಅಲುಗಲಿಲ್ಲ.

"ಗಾಬರಿ ಬೇಡ. ಅದು ನಮ್ಮ ಬಾಮೈದ ಒಲೆ ಮೇಲೆ ಸುಟ್ಟ ಲಕೋಟೆ," ಎಂದರು ಭಾವ. ನನ್ನ ಬೆರಳೂ ಸುಟ್ಟಿತ್ತು, ಅದನ್ನು ಯಾರೂ ಕೇಳಲಿಲ್ಲ.

"ಮಾರೋಕೆ ಕದ್ದೋನು ಪ್ಲಾಸ್ಟಿಕ್ ಸಮೇತ ಎತ್ಕೊಂಡು ಹೋಗ್ತಿದ್ದ. ಇದನ್ನ ತೆಗೆದೋರು ಪ್ಲಾಸ್ಟಿಕ್ ಬಿಚ್ಚಿಟ್ರು, ಕಾಗದಕ್ಕೆ ಕೆಟ್ಟದ್ದು ಅಂತ. ಪುಡಿ ಉದುರದ ಹಾಗೆ ಬ್ಲಾಟಿಂಗ್ ಪೇಪರಿನ ನಡುವೆ ಇಟ್ರು. ಅಷ್ಟು ಅಕ್ಕರೆ ಇರೋದು ತೊಳೀಬೇಡಿ ಅಂದ ಇಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬರು ಈಗ ಕಿರುಚಿದ್ರು. ಇನ್ನೊಬ್ಬರು ಯಾಕೆ ಸುಮ್ಮನಿದ್ರು? ನೀರಿಗೆ ಬಿದ್ದಿದ್ದು ಅಸಲಿ ಅಲ್ಲ ಅಂತ ಅವರಿಗೆ ಗೊತ್ತಿತ್ತು. ಅಲ್ವೇ, ಮೇಷ್ಟ್ರೇ?"

ಮೇಷ್ಟ್ರು ಚೀಲದಿಂದ ದಪ್ಪ ಪುಸ್ತಕವೊಂದನ್ನು ತೆಗೆದು, ತೆರೆದರು; ಬ್ಲಾಟಿಂಗ್ ಪೇಪರಿನ ನಡುವೆ ಅಸಲಿ ಲಕೋಟೆ ಇತ್ತು. "ಮನೇಲಿ ಬಿಟ್ಟು ಬರೋಕೆ ಜೀವ ಒಪ್ಪಲಿಲ್ಲ. ಇದು ಕೊಳೆ ಅಲ್ಲ, ಡಾಕ್ಟರೇ. ಆ ನೌಕೆಯದು ಅಂತ ಉಳಿದಿರೋದು ಇಷ್ಟೇ."

ನಾವೆಲ್ಲ ಬಗ್ಗಿ ನೋಡಿದೆವು. ಯಾರಿಗೂ ಉಸಿರು ಬಿಡುವ ಧೈರ್ಯವಾಗಲಿಲ್ಲ. ಬೆಂಕಿಯೊಂದಿಗೆ ಆಕಾಶದಿಂದ ಬಿದ್ದ ಒಂದು ತುಂಡು ಕಾಗದ, ಬರೆದ ವಿಳಾಸವನ್ನು ಕಳೆದುಕೊಳ್ಳದೆ ಉಳಿದಿತ್ತು. ಡಾಕ್ಟರು ತಟ್ಟೆಯ ನೀರನ್ನು ಕಿಟಕಿಯಾಚೆ ಚೆಲ್ಲಿದರು.

"ಕಾಗದದ ಮಸಿ ಉಳಿಸೋಕೆ ನಮ್ಮವರ ಮುಖಕ್ಕೆ ಮಸಿ ಬಳಿದ್ರಲ್ಲ, ಮೇಷ್ಟ್ರೇ!" ಎಂದಳು ಮಗಳು.

ಡಾಕ್ಟರು ಅಳಿಯಂದಿರ ಕಡೆ ತಿರುಗಿದರು. "ಏನೋ ಬಾಯಿತಪ್ಪಿ ಅಂದ್ಬಿಟ್ಟೆ..."

"ಬಾಯಿತಪ್ಪಿ ಅಲ್ಲ, ಮಾವ. ನಾನೇ ಕಳ್ಳ ಅಂತ ನಂಬಿ ಅಂದ್ರಿ."

ಅಳಿಯಂದಿರ ಅಂಗಿಯ ತೋಳಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಡಾಕ್ಟರು ಆ ತೋಳನ್ನು ನೋಡಿದರು. ಲಕೋಟೆಯನ್ನು ಮೇಷ್ಟ್ರ ಪುಸ್ತಕದಲ್ಲೇ ಬಿಟ್ಟು, ಅಷ್ಟು ಜನರ ಎದುರಿಗೆ ಅಳಿಯನ ಒದ್ದೆ ಕೈ ಹಿಡಿದುಕೊಂಡರು.

"ಹೌದಪ್ಪ, ನಂಬಿದ್ದೆ," ಎಂದರು. "ತಪ್ಪಾಯ್ತು."