ಬಂಗುಡೆ ಬುಟ್ಟಿ, ದಿಮ್ಮಿ ರೈಲು

"ಏಳನೇ ಸಲ," ಪಕ್ಕದ ಮನೆಯ ಲಕ್ಷಿತ್ ಎಣಿಸಿದ.

ತಿರುವಿನಲ್ಲಿ ಆಟದ ರೈಲಿನ ಬೋಗಿ ಮಗುಚಿತ್ತು. ಗಾಳಿಮರದ ಒಣ ಕಡ್ಡಿ ಕಡಿದು ಮಾಡಿದ ದಿಮ್ಮಿಗಳು ಜಗಲಿ ತುಂಬ ಚೆಲ್ಲಿದ್ದವು. ಇಂಜಿನ್ ಮಾತ್ರ ಕೊಂಡಿ ಕಳಚಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಓಡುತ್ತಲೇ ಇತ್ತು.

ನವ್ಯಶ್ರೀ ಮೊಣಕಾಲೂರಿ ದಿಮ್ಮಿ ಹೆಕ್ಕಿದಳು. ದಿಮ್ಮಿ ಹೆಕ್ಕುವ ಸ್ಪರ್ಧೆ ಇದ್ದಿದ್ದರೆ ಅವಳು ಇಡೀ ಕಾಪು ಊರಿಗೇ ಫಸ್ಟ್. ಆದರೆ ನಾಳೆ ಶಾಲೆಯಲ್ಲಿ ಇರುವುದು ಮಾಡೆಲ್ ಪ್ರದರ್ಶನ.

ಮಾಡೆಲ್ ನೋಡಲು ಚೆನ್ನಾಗಿಯೇ ಇತ್ತು. ಪೇಪರ್ ಮತ್ತು ಮೈದಾ ಅಂಟಿನ ಗುಡ್ಡ, ಸ್ಪಂಜಿನ ಕಾಡು, ಐಸ್‌ಕ್ರೀಮ್ ಕಡ್ಡಿಯ ಕ್ರೇನು, ಅದಕ್ಕೆ ಸೇಫ್ಟಿ ಪಿನ್ನಿನ ಕೊಕ್ಕೆ. ಸುತ್ತಲೂ ಲಕ್ಷಿತನ ಆಟದ ರೈಲು. ಕಾಡಿನಿಂದ ಮರ ಸಾಗಿಸುವ ರೈಲು ಅದು. ಇಷ್ಟು ಮಾಡಿ ಸುಮ್ಮನಿದ್ದರೆ ಸಾಕಿತ್ತು. ಬಾಯಿ ಕೇಳಬೇಕಲ್ಲ. ಶುಕ್ರವಾರ ಆರನೇ ಕ್ಲಾಸಿನ ಎದುರು ಹೇಳಿಬಿಟ್ಟಿದ್ದಳು: "ಫುಲ್ ಲೋಡಲ್ಲಿ ಮೂರು ರೌಂಡ್ ಓಡ್ತದೆ. ಒಂದು ದಿಮ್ಮಿ ಬಿದ್ರೂ ನನ್ನ ಹೆಸರು ಬದಲಿಸಿ."

"ಹೆಸರು ನೋಡಿಟ್ಟಿದ್ದೇನೆ," ಎಂದ ಲಕ್ಷಿತ್. "ಬೀಳುಶ್ರೀ."

ಜಗಲಿಯ ಆ ಮೂಲೆಯಲ್ಲಿ ನವ್ಯಶ್ರೀಯ ಅಜ್ಜಿ ವಾರಿಜಾ ಮಾರ್ಕೆಟಿಗೆ ಒಯ್ಯುವ ಬಂಗುಡೆಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದರು. ಅವರು ಬೋಗಿಯನ್ನೊಮ್ಮೆ ನೋಡಿದರು.

"ಹಾಗೆ ತುಂಬಿದ್ರೆ ನಿಲ್ಲುದಿಲ್ಲ ಮಗಾ."

"ಅಜ್ಜೀ, ಇದು ಇಂಜಿನಿಯರಿಂಗ್. ನಿಮಗೆ ಗೊತ್ತಾಗುದಿಲ್ಲ."

"ಆಯ್ತು," ಎಂದು ಅಜ್ಜಿ ಮೀನಿನ ಕಡೆ ತಿರುಗಿದರು.

ಎಂಟನೇ ಸಲ ಇಂಜಿನಿಯರಮ್ಮ ದಿಮ್ಮಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು. ಎಲ್ಲವೂ ಒಟ್ಟಿಗೇ ಬಿದ್ದವು. ಹೆಕ್ಕುವ ಕೆಲಸ ಮಾತ್ರ ಸುಲಭವಾಯಿತು. ಒಂಬತ್ತನೇ ಸಲ, ನಿಧಾನ ಹೋಗಲಿ ಎಂದು ಹಳೆಯ ಬ್ಯಾಟರಿ ಹಾಕಿದಳು. ಒಂದು ದಿಮ್ಮಿಯೂ ಬೀಳಲಿಲ್ಲ, ಏಕೆಂದರೆ ರೈಲು ಹೊರಡಲೇ ಇಲ್ಲ.

ಲಕ್ಷಿತ್ ನಕ್ಕ. ನವ್ಯಶ್ರೀಗೆ ಅಳು ಬಂತು. ಅದು ಕಾಣಬಾರದೆಂದು ಮುಖ ಆಚೆ ತಿರುಗಿಸಿದಳು. ಆಗ ಬುಟ್ಟಿ ಕಣ್ಣಿಗೆ ಬಿತ್ತು.

ಒಂದು ಬಂಗುಡೆಯ ತಲೆ ಈ ಕಡೆ, ಪಕ್ಕದ್ದರ ತಲೆ ಆ ಕಡೆ. ಸಾಲು ಹಲಗೆಯಷ್ಟು ಮಟ್ಟವಾಗಿತ್ತು. ಅಜ್ಜಿ ಬುಟ್ಟಿಯನ್ನು ಓರೆ ಮಾಡಿ ಎತ್ತಿದರು. ಒಂದು ಮೀನೂ ಜಾರಲಿಲ್ಲ.

ನವ್ಯಶ್ರೀ ತನ್ನ ಬೋಗಿ ನೋಡಿದಳು. ನೀಟಾಗಿ ಕಾಣಲೆಂದು ದಿಮ್ಮಿಗಳ ದಪ್ಪ ತುದಿಯನ್ನೆಲ್ಲ ಅವಳು ಒಂದೇ ಕಡೆ ಇಟ್ಟಿದ್ದಳು. ಹಿಂದೆ ಎತ್ತರ, ಮುಂದೆ ತಗ್ಗು. ಈಗ ಕೇಳದೆ ಗತಿಯಿರಲಿಲ್ಲ. ಕೇಳುವುದು ಮಾತ್ರ ಇಂಜಿನಿಯರಿಂಗಿಗಿಂತ ಕಷ್ಟವಾಗಿತ್ತು.

"ಅಜ್ಜೀ... ಮೀನು ಎಂತಕ್ಕೆ ಹಾಗೆ ಇಡುದು?"

"ತಲೆ ಎಲ್ಲ ಒಂದೇ ಕಡೆ ಬಂದ್ರೆ ಅಲ್ಲಿ ಎತ್ತರ ಆಗ್ತದೆ. ನಡೆಯುವಾಗ ಜಾರ್ತದೆ. ಸುರುವಿಗೆ ನನಗೂ ಗೊತ್ತಿರ್ಲಿಲ್ಲ. ಪಡುಬಿದ್ರಿ ರಸ್ತೆಯಲ್ಲಿ ಒಂದು ಬುಟ್ಟಿ ಪೂರಾ ಚೆಲ್ಲಿದೆ. ಕಾಗೆಗಳಿಗೆ ಆ ದಿನ ಭಾರೀ ಊಟ."

ಅಜ್ಜಿ ಬುಟ್ಟಿ ಕೆಳಗಿಟ್ಟು ನೆಲದ ಮೇಲೆ ಕೂತರು. ಇಬ್ಬರೂ ಸೇರಿ ದಿಮ್ಮಿಗಳನ್ನು ಮತ್ತೆ ತುಂಬಿದರು. ರೈಲಿಗೆ ಸ್ವಲ್ಪ ಬಂಗುಡೆ ವಾಸನೆ ಬಂತು. ಅಜ್ಜಿಗೆ ಬಸ್ಸು ತಪ್ಪಿತು.

ಮರುದಿನ ರೈಲು ಮೂರು ರೌಂಡ್ ಓಡಿತು. ದಿಮ್ಮಿಗಳು ಅಲುಗಲಿಲ್ಲ. ಕ್ಲಾಸು ಚಪ್ಪಾಳೆ ತಟ್ಟಿತು. ಒಲಿಂಡಾ ಟೀಚರ್ ಬಗ್ಗಿ ಬೋಗಿ ನೋಡಿದರು.

"ದಪ್ಪ ತುದಿ ಒಂದು ಆಚೆ, ಒಂದು ಈಚೆ. ಒಳ್ಳೆ ಐಡಿಯಾ. ನಿನ್ನದಾ?"

ಹೌದು ಎಂದರೆ ಮುಗಿಯುತ್ತಿತ್ತು.

"ಅಲ್ಲ ಟೀಚರ್, ನಮ್ಮ ಅಜ್ಜಿಯದ್ದು. ಅವರು ಮೀನು ಹಾಗೆ ಜೋಡಿಸ್ತಾರೆ. ಮೊದಲೇ ಹೇಳಿದ್ರು, ನಾನು ಕೇಳ್ಲಿಲ್ಲ."

"ಹೌದಾ? ಎಲ್ಲಿದ್ದಾರೆ ಅವರು? ನೋಡ್ಲಿಕ್ಕೆ ಬರ್ಲಿಲ್ವಾ?"

ನವ್ಯಶ್ರೀ ಪ್ರದರ್ಶನಕ್ಕೆ ಬೀದಿಯ ಎಲ್ಲರನ್ನೂ ಕರೆದಿದ್ದಳು. ಲಕ್ಷಿತನ ಮಾವನಿಗೂ ಫೋನ್ ಮಾಡಿಸಿದ್ದಳು. ಅಜ್ಜಿಗೆ ಮಾತ್ರ ಹೇಳಿರಲಿಲ್ಲ. ಮರೆತದ್ದಲ್ಲ, ಅವರಿಗೂ ಹೇಳಬೇಕೆಂದು ತೋರಿಯೇ ಇರಲಿಲ್ಲ. ಅವಳ ಕಿವಿ ಬಿಸಿಯಾಯಿತು.

"ಟೀಚರ್," ಎಂದಳು ಮೆಲ್ಲಗೆ, "ಊಟದ ಬೆಲ್ ಆದಾಗ ಮೀನು ಮಾರ್ಕೆಟಿಗೆ ಹೋಗಿ ಕರ್ಕೊಂಡು ಬರ್ಲಾ?"